ಐದು ಹೊತ್ತಿನ ಮಾತ್ರೆ

ನಮ್ಮ ಸಾಹುಕಾರರು ಲಕೋಟೆಯ ಬಾಯಿ ಬಿಡಿಸುವುದನ್ನು ಒಮ್ಮೆ ನೋಡಿದವರು ಆ ಅಂಗಡಿಯ ಮಾತ್ರೆ ನುಂಗಲಾರರು. ಹೆಬ್ಬೆರಳನ್ನು ನಾಲಿಗೆಗೆ ಒತ್ತುತ್ತಾರೆ, ಕಾಗದದ ಅಂಚನ್ನು ಉಜ್ಜುತ್ತಾರೆ, ಆಮೇಲೆ ಒಳಗೆ ಉಫ್ ಎಂದು ಊದುತ್ತಾರೆ. ಊದುವಾಗ ಹಾರುವ ತುಂತುರು ಟ್ಯೂಬ್‌ಲೈಟಿನ ಬೆಳಕಿಗೆ ಚೆನ್ನಾಗಿ ಕಾಣುತ್ತದೆ. ಕಾಯಿಲೆ ವಾಸಿಯಾಗಲೆಂದು ಬಂದವರಿಗೆ ಇವರ ಎಂಜಲು ಪುಕ್ಕಟೆ. ಇಪ್ಪತ್ತೆರಡು ವರ್ಷದಿಂದ ಈ ಔಷಧಿ ಅಂಗಡಿಯ ಕೌಂಟರಿನ ಹಿಂದೆ ನಿಂತು ಇದನ್ನು ನೋಡುತ್ತಾ ಬಂದಿದ್ದೇನೆ. ಥೂ!

ಗಿರಾಕಿಗಳೇನು ಕಮ್ಮಿಯೇ? ಒಬ್ಬ ಗಾಜಿನ ಮೇಲೆ ಕಾಲೆತ್ತಿಟ್ಟು ಕುರು ತೋರಿಸುತ್ತಾನೆ. ಇನ್ನೊಬ್ಬಳು ಮಗುವಿನ ಮೂಗೊರೆಸಿದ ಕರ್ಚೀಫು ಬಿಚ್ಚಿ, ‘ಬಣ್ಣ ನೋಡಿ ಔಷಧಿ ಕೊಡಿ’ ಅನ್ನುತ್ತಾಳೆ. ಮತ್ತೊಬ್ಬ ಸೀದಾ ನನ್ನ ಮುಖಕ್ಕೇ ಕೆಮ್ಮಿ, ‘ಇಂಥ ಕೆಮ್ಮು ನೋಡಿ’ ಎಂದು ವಿವರಿಸುತ್ತಾನೆ. ನನ್ನ ಮುಖ ತಾನಾಗಿಯೇ ಸೊಟ್ಟಗಾಗುತ್ತದೆ. ಚಿಕ್ಕಂದಿನಿಂದಲೂ ಹೀಗೆಯೇ. ಅದಕ್ಕೇ ನಮ್ಮಕ್ಕ ನನಗೆ ಸೊಟ್ಟಮೂತಿ ಎಂದು ಹೆಸರಿಟ್ಟಳು. ಈಗ ನನ್ನ ತಲೆ ನರೆತಿದ್ದರೂ ನಡುಬೀದಿಯಲ್ಲಿ ಹಾಗೇ ಕೂಗುತ್ತಾಳೆ.

ಇವೆಲ್ಲವನ್ನೂ ಸಹಿಸಬಹುದು. ಸಾಹುಕಾರರ ಪೊಟ್ಟಣವನ್ನು ಮಾತ್ರ ಸಹಿಸಲಾಗುವುದಿಲ್ಲ. ಡಾಕ್ಟರ ಚೀಟಿ ಇಲ್ಲದೆ ಬಂದವರಿಗೆಲ್ಲ ಅವರು ಕಟ್ಟಿಕೊಡುವುದು ಒಂದೇ ಪೊಟ್ಟಣ. ಜ್ವರವೇ? ಪೊಟ್ಟಣ. ನೆಗಡಿಯೇ? ಪೊಟ್ಟಣ. ಒಳಗೆ ಒಂದು ಆ್ಯಂಟಿಬಯೋಟಿಕ್, ಒಂದು ನೋವಿನದು, ಒಂದು ಗ್ಯಾಸಿನದು. ಲಕೋಟೆಯ ಮೇಲೆ ಮೂರು ಚೌಕ ಅಚ್ಚಾಗಿದೆ, ಓದು ಬಾರದವರಿಗೂ ತಿಳಿಯಲೆಂದು ಬೆಳಗಿನ ಸೂರ್ಯ, ನೆತ್ತಿಯ ಸೂರ್ಯ, ಚಂದ್ರ. ಚೌಕಕ್ಕೊಂದು ಗೀಟು ಎಳೆದು ಕೊಟ್ಟರೆ ಮುಗಿಯಿತು.

‘ನೆಗಡಿ ಬರೋದು ವೈರಸ್ಸಿಂದ. ಆ್ಯಂಟಿಬಯೋಟಿಕ್ ಅದರ ಒಂದು ಕೂದಲೂ ಕೊಂಕಿಸಲ್ಲ ಸಾಹುಕಾರ್ರೇ,’ ಎಂದು ಎಷ್ಟು ಸಲ ಹೇಳಿದ್ದೇನೋ.

‘ಮೂರು ದಿನಕ್ಕೆ ವಾಸಿ ಆಗತ್ತಲ್ಲಪ್ಪಾ.’

‘ಅದು ತಾನಾಗೇ ವಾಸಿ ಆಗೋದು.’

‘ಕಾಗೆ ಕೂರೋದಕ್ಕೂ ಕೊಂಬೆ ಮುರಿಯೋದಕ್ಕೂ ಸರಿಹೋಯ್ತು ಅಂತೀಯ. ಆಗಲಿ, ಮುರಿದ ಹೆಸರು ಕಾಗೆಗೇ ಬರಲಿ ಬಿಡು,’ ಎಂದು ಕಿಸಕ್ಕನೆ ನಕ್ಕು ಇನ್ನೊಂದು ಲಕೋಟೆಗೆ ಊದುತ್ತಾರೆ. ಇವರಿಗೆ ಬುದ್ಧಿ ಹೇಳುವುದೂ ಒಂದೇ, ಗೋಡೆಗೆ ತಲೆ ಚಚ್ಚಿಕೊಳ್ಳುವುದೂ ಒಂದೇ.

ನನ್ನ ವಾರದ ರಜೆಯ ದಿನ ಅಕ್ಕ ಅಂಗಡಿಗೆ ಬಂದಿದ್ದಳಂತೆ. ಅವಳು ದರ್ಜಿ. ಭಾವನ ಕೆಲಸ ಹೋದಾಗಿನಿಂದ ಮನೆ ನಡೆಯುವುದು ಅವಳ ಹೊಲಿಗೆ ಮಿಷಿನ್ನಿನ ಮೇಲೆ. ಕೋಟುಗಳಿಗೆ ಕೈಯಲ್ಲೇ ಕಾಜಾ ಹಾಕುವವರು ಈಗ ಯಾರೂ ಉಳಿದಿಲ್ಲ. ಆ ಗುಂಡಿತೂತಿನ ಸುತ್ತಲಿನ ಹೊಲಿಗೆಗಾಗಿಯೇ ದೊಡ್ಡ ಅಂಗಡಿಗಳವರು ಅವಳ ಮನೆ ಬಾಗಿಲಿಗೆ ಬರುತ್ತಾರೆ. ಅವಳ ಬಲಗಡೆ ಹಣೆಯ ಮೇಲೆ ನಾಲ್ಕು ಗುಳ್ಳೆ ಎದ್ದು ಉರಿಯುತ್ತಿತ್ತು. ಸಾಹುಕಾರರು ಕನ್ನಡಕವನ್ನೂ ಏರಿಸದೆ, ‘ಯಾವುದೋ ಹುಳ ಮುಟ್ಟಿದೆ ಕಣಮ್ಮ’ ಎಂದು ಪೊಟ್ಟಣ ಕಟ್ಟಿಕೊಟ್ಟರು.

ಇದು ನನಗೆ ಗೊತ್ತಾದದ್ದು ಮೂರನೆಯ ದಿನ ಬೆಳಿಗ್ಗೆ, ಉದ್ದ ಕಮ್ಮಿ ಮಾಡಲು ಕೊಟ್ಟಿದ್ದ ಪ್ಯಾಂಟು ತರಲು ಅವಳ ಮನೆಗೆ ಹೋದಾಗ. ಅಕ್ಕ ಮಿಷಿನ್ನಿನ ಮುಂದೆ ಕೂತಿದ್ದಳು. ಹಣೆಯ ಅರ್ಧಕ್ಕೆ ಬೆಳ್ಳಗೆ ಏನೋ ಮೆತ್ತಿ, ಒಣಗಿ, ಬಿರುಕು ಬಿಟ್ಟಿತ್ತು. ಬಿರುಕುಗಳ ನಡುವೆ ನೀರುಗುಳ್ಳೆಗಳು ಗೊಂಚಲು ಗೊಂಚಲಾಗಿ ಎದ್ದಿದ್ದವು. ಕೆಲವು ಒಡೆದು ಹಳದಿ ರಸ ಹುಬ್ಬಿನ ಮೇಲೆ ಇಳಿದು ಅಂಟಾಗಿತ್ತು. ಬಲಗಣ್ಣಿನ ರೆಪ್ಪೆ ಊದಿ ಕಣ್ಣು ಅರ್ಧ ಮುಚ್ಚಿತ್ತು. ಪುದೀನದ ವಾಸನೆಯೂ ಕೀವಿನ ವಾಸನೆಯೂ ಒಟ್ಟಿಗೆ ಮೂಗಿಗೆ ಬಡಿಯಿತು.

‘ಏನೇ ಇದು ಮುಖಕ್ಕೆ?’

‘ಟೂತ್‌ಪೇಸ್ಟು. ನಿಮ್ಮ ಭಾವ ಹಚ್ಚಿದ್ರು. ತಂಪಂತೆ.’

ಭಾವ ಎಲ್ಲಿ ಎಂದು ನೋಡಿದರೆ, ಕೋಣೆಯ ಆ ಕೊನೆಯಲ್ಲಿ ಕುರ್ಚಿ ಹಾಕಿಕೊಂಡು, ಮೂಗಿಗೆ ಟವೆಲು ಕಟ್ಟಿಕೊಂಡು ಕೂತಿದ್ದಾನೆ. ಟವೆಲಿನೊಳಗಿಂದಲೇ ಹೇಳಿದ: ‘ನಾನೇನು ಕೈಯಲ್ಲಿ ಮುಟ್ಟಿಲ್ಲಪ್ಪಾ. ಹಳೇ ಬ್ರಷ್ಷಲ್ಲಿ ಹಚ್ಚಿದೆ.’

ಹಳೇ ಬ್ರಷ್ಷಂತೆ! ಹಲ್ಲುಜ್ಜಿ ಬಿಸಾಡಿದ್ದನ್ನು ಹೆಂಡತಿಯ ಹುಣ್ಣಿಗೆ ಉಜ್ಜಿದ ಮಹಾನುಭಾವ. ನನಗೆ ಮೈಯೆಲ್ಲ ಉರಿದುಹೋಯಿತು. ಏನಾದರೂ ಅಂದರೆ ಬಾಯಿ ಕೆಡುತ್ತದೆ ಎಂದು ಸುಮ್ಮನೆ ಅಕ್ಕನ ಹಣೆ ತೊಳೆದು, ಆಟೋ ಹತ್ತಿಸಿ, ನಮ್ಮ ಅಂಗಡಿಯ ಪಕ್ಕದ ಕ್ಲಿನಿಕ್ಕಿಗೆ ಕರೆತಂದೆ.

ಡಾಕ್ಟರಿಗೆ ನೋಡಿದ ಕೂಡಲೆ ಗೊತ್ತಾಯಿತು. ‘ಸರ್ಪಸುತ್ತು. ಇನ್ನೂ ಮೂರು ದಿನ ತುಂಬಿಲ್ಲ, ಸದ್ಯ ಸರಿಯಾದ ಹೊತ್ತಿಗೆ ಬಂದ್ರಿ. ಕಣ್ಣಿನ ಹತ್ರ ಇದೆ ಅನ್ನೋದೇ ನನಗೆ ಯೋಚನೆ. ಇದು ಕಣ್ಣಿಗೆ ಇಳಿದ್ರೆ ದೃಷ್ಟಿಗೇ ಕುತ್ತು. ಮಾತ್ರೆ ಬರೆದಿದೀನಿ, ಏಳು ದಿನ, ಒಂದು ಹೊತ್ತೂ ತಪ್ಪಿಸಬಾರದು. ಹೇಗೆ ತಗೋಬೇಕು ಅಂತ ನಿಮ್ಮ ತಮ್ಮನೇ ಹೇಳ್ತಾರೆ, ಅವರಿಗಿಂತ ಚೆನ್ನಾಗಿ ಯಾರು ಹೇಳ್ಬೇಕು? ಕಣ್ಣು ಕೆಂಪಾದ್ರೆ ಮಾತ್ರ ಒಂದು ಗಳಿಗೆನೂ ಕಾಯದೆ ಕಣ್ಣಿನ ಆಸ್ಪತ್ರೆಗೆ ಹೋಗಿ.’

ಚೀಟಿಯಲ್ಲಿ ಬರೆದಿತ್ತು: ದಿನಕ್ಕೆ ಐದು ಸಲ, ಏಳು ದಿನ.

ಅಕ್ಕನನ್ನು ಅಂಗಡಿಯೊಳಗೆ ಸ್ಟೂಲಿನ ಮೇಲೆ ಕೂರಿಸಿ ಮಾತ್ರೆ ತೆಗೆಯತೊಡಗಿದೆ. ‘ಕಣ್ಣು ಹೋಗತ್ತೇನೋ?’ ಎಂದಳು ಮೆಲ್ಲಗೆ. ‘ಕಣ್ಣು ಹೋದ್ರೆ ನಾನು ಯಾಕೆ ಇರ್ಬೇಕು?’

‘ಏನೂ ಆಗಲ್ಲ ಸುಮ್ನಿರು. ಇದೇನು ಹೊಸದಾಗಿ ಅಂಟಿದ್ದಲ್ಲ. ಚಿಕ್ಕೋರಿದ್ದಾಗ ನಮಗೆ ಸೀತಾಳೆ ಸಿಡುಬು ಆಗಿತ್ತಲ್ಲ, ಅದೇ ವೈರಸ್ಸು. ಆಗ ಸಾಯದೆ ನರದ ಬೇರಲ್ಲಿ ಅಡಗಿ ಕೂತಿತ್ತು. ಈಗ ಎದ್ದಿದೆ.’

‘ಆಗ ಮೊದಲು ಬಂದಿದ್ದು ನಿಂಗೆ. ನಿನ್ನ ಪಕ್ಕ ಮಲಗಿ ಮೈ ಒರೆಸಿದ್ದು ನಾನು. ಅಂದ್ರೆ ಇದು ನೀನು ಕೊಟ್ಟಿದ್ದು!’

‘ಹೌದಮ್ಮಾ, ಎಲ್ಲಾ ನಂದೇ ತಪ್ಪು.’

ಅವಳು ಆ ನೋವಿನಲ್ಲೂ ನಕ್ಕಳು. ಅವಳ ನಗು ಕಂಡು ನನಗೆ ಹುರುಪು ಬಂತು, ಭಾಷಣ ಶುರುಮಾಡಿದೆ. ಇಪ್ಪತ್ತೆರಡು ವರ್ಷ ಯಾರೂ ಕೇಳದ ಭಾಷಣ.

‘ನೋಡು, ವೈರಸ್ಸಿಗೆ ಸ್ವಂತ ಮಿಷಿನ್ ಇಲ್ಲ. ಅದರ ಹತ್ರ ಇರೋದು ಅಳತೆ ಕಾಗದ ಒಂದೇ. ನಿನ್ನ ಜೀವಕೋಶದೊಳಗೆ ನುಗ್ಗಿ, ನಿನ್ನ ಮಿಷಿನ್ ಮೇಲೇ ಕೂತು, ನಿನ್ನ ದಾರದಲ್ಲೇ ತನ್ನಂಥವನ್ನ ಸಾವಿರಗಟ್ಟಲೆ ಹೊಲೀತಾ ಹೋಗತ್ತೆ.’

‘ಥೂ, ದರಿದ್ರದ್ದು! ನನ್ನ ಮಿಷಿನ್ ಮೇಲಾ?’

‘ಅದೇ ಮತ್ತೆ. ಆ್ಯಂಟಿಬಯೋಟಿಕ್ ಇದಕ್ಕೆ ನಾಟಲ್ಲ. ಅದು ಬ್ಯಾಕ್ಟೀರಿಯಾ ಗೋಡೆ ಒಡೆಯೋಕಿರೋದು. ಇದಕ್ಕೆ ಗೋಡೆನೇ ಇಲ್ಲ. ಈ ಮಾತ್ರೆ ಇದೆಯಲ್ಲ, ಇದು ನಕಲಿ ದಾರದ ತುಂಡು. ನೋಡೋಕೆ ಅಸಲಿ ಥರಾನೇ. ವೈರಸ್ಸು ಮೋಸ ಹೋಗಿ ಅದನ್ನ ಹೊಲಿಗೆಗೆ ಸೇರಿಸ್ಕೊಳತ್ತೆ. ಸೇರಿಸ್ಕೊಂಡ ಮೇಲೆ ಅದರ ಇನ್ನೊಂದು ತುದಿಗೆ ಮುಂದಿನ ತುಂಡು ಗಂಟು ಬೀಳಲ್ಲ. ಹೊಲಿಗೆ ಅಲ್ಲಿಗೇ ನಿಂತ್ಹೋಯ್ತು.’

‘ಹಾಗಾದ್ರೆ ನನ್ನ ಹೊಲಿಗೆನೂ ನಿಂತ್ಹೋಗಲ್ವೇನೋ?’

ದರ್ಜಿಯ ಪ್ರಶ್ನೆ! ಎಂಥ ಪ್ರಶ್ನೆ! ‘ಇಲ್ಲ. ಮಾತ್ರೆ ಹಾಗೇ ಇದ್ರೆ ಕೆಲಸಕ್ಕೆ ಬಾರದ ಪುಡಿ. ಅದನ್ನ ದಾರ ಮಾಡೋಕೆ ಮೊದಲು ಒಂದು ಸಲಕರಣೆ ಬೇಕು, ಅದಿರೋದು ವೈರಸ್ಸಿನ ಹತ್ರ. ತನ್ನ ಗುಂಡಿ ತಾನೇ ತೋಡ್ಕೊಳತ್ತೆ ಅದು. ಆದ್ರೆ ಒಂದು ಮಾತು, ಆಗಲೇ ಹೊಲಿದಾಗಿರೋದನ್ನ ಈ ಮಾತ್ರೆ ಬಿಚ್ಚಲ್ಲ. ಮುಂದೆ ಹೊಲಿಯೋದನ್ನ ನಿಲ್ಲಿಸತ್ತೆ ಅಷ್ಟೆ. ಅದಕ್ಕೇ ಬೇಗ ಶುರು ಮಾಡ್ಬೇಕು ಅನ್ನೋದು.’

ಇಷ್ಟರಲ್ಲಿ ಸಾಹುಕಾರರು ಹಿಂದಿನ ಕೋಣೆಯಿಂದ ಹಲ್ಲು ಕೆದಕುತ್ತಾ ಬಂದರು. ‘ಏನಮ್ಮಾ, ನನ್ನ ಪೊಟ್ಟಣ ಹಿಡೀಲಿಲ್ವಾ?’ ಎಂದರು.

ನನ್ನ ತಲೆ ತಿರುಗಿತು. ಡಾಕ್ಟರ ಚೀಟಿಯನ್ನು ಅವರ ಮೂಗಿನ ಮುಂದೆ ಹಿಡಿದೆ. ‘ಓದ್ರಿ! ಹುಳ ಮುಟ್ಟಿದೆ ಅಂದ್ರಲ್ಲ, ಓದ್ರಿ! ಎರಡು ದಿನ ಹಾಳು ಮಾಡಿದ್ರಿ. ಇವಳ ಕಣ್ಣಿಗೆ ಏನಾದ್ರೂ ಆದ್ರೆ ನಿಮ್ಮನ್ನ ಸುಮ್ಮನೆ ಬಿಡಲ್ಲ!’ ಇಪ್ಪತ್ತೆರಡು ವರ್ಷದ್ದು ಒಂದೇ ಉಸಿರಿಗೆ ಬಂತು: ಎಂಜಲ ಬೆರಳು, ಊದುವ ಬಾಯಿ, ಪೊಟ್ಟಣ. ಬಯ್ಯುತ್ತಲೇ ಮೂವತ್ತೈದು ಮಾತ್ರೆ ಎಣಿಸಿದೆ. ಬಯ್ಯುತ್ತಲೇ ಲಕೋಟೆಗೆ ಹಾಕಿ, ಪೆನ್ನಿನಿಂದ ಗೀಟೆಳೆದು ಅಕ್ಕನ ಕೈಗಿತ್ತೆ. ಚೀಟಿಯನ್ನು ಕೌಂಟರಿನ ಮೇಲಿನ ಕಂಬಿಗೆ ಚುಚ್ಚಿದೆ. ಅವತ್ತು ನಾನು ಎದೆಯುಬ್ಬಿಸಿ ನಡೆದೆ.

ಆಮೇಲೆ ನಾಲ್ಕು ದಿನ ಫೋನಿನಲ್ಲಿ ಕೇಳುತ್ತಿದ್ದೆ. ‘ಮಾತ್ರೆ ತಗೊಳ್ತಿದೀಯಾ?’

‘ನೀನು ಬರೆದಂಗೇ ತಗೊಳ್ತಿದೀನಿ. ಒಂದೂ ತಪ್ಪಿಸಿಲ್ಲ ಕಣೋ.’

ಐದನೆಯ ದಿನ ಬೆಳಿಗ್ಗೆ ಅವಳೇ ಫೋನ್ ಮಾಡಿ, ಸೂಜಿಯ ಕಣ್ಣು ಎರಡಾಗಿ ಕಾಣುತ್ತಿದೆ ಎಂದಳು. ಅಂಗಡಿಗೂ ಹೇಳದೆ ಓಡಿದೆ. ಹಣೆಯ ಗುಳ್ಳೆಗಳು ಕಪ್ಪು ಹಕ್ಕಳೆಯಾಗಿದ್ದವು, ಮೂಗಿನ ತುದಿಯಲ್ಲೂ ಎರಡು ಎದ್ದಿದ್ದವು. ಬಲಗಣ್ಣು ಕೆಂಡದ ಹಾಗೆ ಕೆಂಪಾಗಿ, ಪಿಸುರು ಕಟ್ಟಿ, ನೀರು ಸುರಿಯುತ್ತಿತ್ತು. ಎಡಗಣ್ಣು ಮುಚ್ಚಿಸಿ ನನ್ನ ಬೆರಳು ತೋರಿಸಿದೆ. ‘ಮಂಜು ಮುಚ್ಚಿದಂಗಿದೆ. ಎರಡೋ ಮೂರೋ ಗೊತ್ತಾಗ್ತಿಲ್ಲ,’ ಎಂದಳು.

ಯಾಕೆ ಹೀಗಾಯಿತು? ಸರಿಯಾದ ಮಾತ್ರೆ, ಸರಿಯಾದ ಹೊತ್ತಿಗೆ ಶುರು. ಅವಳು ಬಟ್ಟೆಬರೆ ತೆಗೆದುಕೊಳ್ಳಲು ಒಳಗೆ ಹೋದಾಗ ಮಿಷಿನ್ನಿನ ಮೇಲಿನ ಗೋಡೆ ನೋಡಿದೆ. ಮೊಳೆಗೆ ಲಕೋಟೆ ಸಿಕ್ಕಿಸಿದ್ದಳು, ಕೂತಲ್ಲಿಂದಲೇ ಕಾಣಲೆಂದು. ಬೆಳಗಿನ ಸೂರ್ಯನಿಗೊಂದು ಗೀಟು. ನೆತ್ತಿಯ ಸೂರ್ಯನಿಗೊಂದು ಗೀಟು. ಚಂದ್ರನಿಗೊಂದು ಗೀಟು. ನನ್ನದೇ ಕೈ, ನನ್ನದೇ ಹಸಿರು ಪೆನ್ನು.

ಮೂರು.

ಐದು ಸಲದ ಮಾತ್ರೆಗೆ ಆ ಲಕೋಟೆಯಲ್ಲಿ ಜಾಗವೇ ಇಲ್ಲ. ಅಂಥದ್ದು ಬಂದಾಗ ಲಕೋಟೆ ತಿರುಗಿಸಿ ಬೆನ್ನ ಮೇಲೆ ಗಂಟೆ ಬರೆದುಕೊಡಬೇಕು; ವರ್ಷಕ್ಕೆ ನಾಲ್ಕೈದು ಸಲ ಬರೆದೂ ಕೊಡುತ್ತೇನೆ. ಅವತ್ತು ನಾಲಿಗೆ ಸಾಹುಕಾರರನ್ನು ಸಿಗಿಯುತ್ತಿತ್ತು, ಕೈ ತನ್ನ ಪಾಡಿಗೆ ಇಪ್ಪತ್ತೆರಡು ವರ್ಷದ ಮೂರು ಗೀಟು ಎಳೆದಿತ್ತು. ನಕಲಿ ದಾರ, ಅಳತೆ ಕಾಗದ ಎಂದು ಅಷ್ಟೆಲ್ಲ ಕೊರೆದವನು ದಿನಕ್ಕೆ ಎಷ್ಟು ಸಲ ಎಂದು ಬಾಯಿಬಿಟ್ಟು ಹೇಳಿರಲಿಲ್ಲ. ಈ ಮಾತ್ರೆ ರಕ್ತದಲ್ಲಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ, ನಾಲ್ಕೈದು ಗಂಟೆಯಲ್ಲಿ ಉಚ್ಚೆಯಲ್ಲಿ ಹೋಗಿಬಿಡುತ್ತದೆ, ಅದಕ್ಕೇ ಐದು ಸಲ. ಅಕ್ಕ ಶ್ರದ್ಧೆಯಿಂದ ಮೂರು ಸಲ ನುಂಗಿದಳು. ನಡುವಿನ ಅಷ್ಟೂ ಹೊತ್ತು ಆ ದರಿದ್ರದ್ದು ಅವಳ ಮಿಷಿನ್ನಿನ ಮೇಲೆ ಕೂತು ಆರಾಮಾಗಿ ಹೊಲಿಯಿತು.

ನಾನು ಮಾಡಿದ್ದೇನು ಗೊತ್ತೇ? ಲಕೋಟೆಯನ್ನು ಮೊಳೆಯಿಂದ ಕಿತ್ತು, ಒಳಗಿದ್ದ ಮಾತ್ರೆಯ ಸಮೇತ ಮಡಿಸಿ ಜೇಬಿಗೆ ಹಾಕಿಕೊಂಡೆ. ಬರೆಯುವಾಗಲೂ ಹೇಸಿಗೆಯಾಗುತ್ತಿದೆ.

ಬಾಗಿಲಲ್ಲಿ ಭಾವ ಟವೆಲಿನೊಳಗಿಂದ ಗೊಣಗಿದ. ‘ಎಲ್ಲಾ ಆ ನಿಮ್ಮ ಸಾಹುಕಾರನ ಪೊಟ್ಟಣದಿಂದ.’

‘ಹೌದು,’ ಅಂದೆ.

ಕಣ್ಣಿನ ಆಸ್ಪತ್ರೆಯ ಡಾಕ್ಟರಮ್ಮ ನಿಧಾನಸ್ಥೆ. ಅಕ್ಕನ ಗದ್ದವನ್ನು ಯಂತ್ರದ ಮೇಲೆ ಇರಿಸಿ, ಕಣ್ಣಿಗೆ ಬಣ್ಣದ ಹನಿ ಹಾಕಿ, ನೀಲಿ ಬೆಳಕು ಬಿಟ್ಟು ಬಹಳ ಹೊತ್ತು ನೋಡಿದರು. ಆಮೇಲೆ ಕುರ್ಚಿಯನ್ನು ಹಿಂದಕ್ಕೆ ತಳ್ಳಿದರು.

‘ಕಪ್ಪುಗುಡ್ಡೆ ಮೇಲಿನ ಪದರಕ್ಕೆ ಇಳಿದಿದೆ. ಮಾತ್ರೆ ಯಾವಾಗ ಶುರು ಮಾಡಿದ್ರಿ?’

‘ಮೂರನೇ ದಿನ,’ ಎಂದೆ.

‘ಸರಿಯಾಗೇ ಇದೆಯಲ್ಲ. ದಿನಕ್ಕೆ ಐದು ಸಲ ತಾನೆ?’

ಅಕ್ಕ ಯಂತ್ರದಿಂದ ಗದ್ದ ಎತ್ತಿದಳು. ನನ್ನ ಕಡೆ ತಿರುಗಿದಳು. ನಾನು ಗೋಡೆಯ ಮೇಲಿನ ಅಕ್ಷರದ ಪಟ ನೋಡುತ್ತಾ ನಿಂತೆ.

‘ಹೌದು ಡಾಕ್ಟ್ರೇ,’ ಎಂದಳು ಅಕ್ಕ. ‘ಐದೇ. ನಮ್ಮ ತಮ್ಮ ಔಷಧಿ ಅಂಗಡೀಲೇ ಇರೋದು. ಅವನೇ ಬರೆದುಕೊಟ್ಟಿದ್ದ.’

ನನಗೆ ಸಮಾಧಾನವಾಯಿತು. ಆಹಾ, ಬದುಕಿದೆ ಅನ್ನಿಸಿತು. ಸಾಹುಕಾರರ ಎಂಜಲು, ಭಾವನ ಬ್ರಷ್ಷು, ಗಿರಾಕಿಗಳ ಸಿಂಬಳ, ಎಲ್ಲವನ್ನೂ ಒಂದು ತಕ್ಕಡಿಯಲ್ಲಿಟ್ಟರೂ ಆ ಒಂದು ಗಳಿಗೆಯ ನನ್ನ ಸಮಾಧಾನದಷ್ಟು ಅಸಹ್ಯ ತೂಗಲಾರದು.

ಡಾಕ್ಟರಮ್ಮ ಪೆನ್ನು ಕೆಳಗಿಟ್ಟು ಹಣೆ ಉಜ್ಜಿಕೊಂಡರು. ‘ಪೂರ್ತಿ ಔಷಧಿ ಬಿದ್ದೂ ಹೀಗೆ ಮುಂದುವರಿದಿದೆ ಅಂದ್ರೆ, ಈ ಮಾತ್ರೆ ಇವರಿಗೆ ಹಿಡೀತಿಲ್ಲ ಅಂತಾಯ್ತು. ಹಾಗಾದ್ರೆ ಇದನ್ನ ನಿಲ್ಲಿಸೋಣ. ಬೇರೆ ಔಷಧಿ ರಕ್ತಕ್ಕೇ ಕೊಡ್ಬೇಕು, ಅದು ಕಿಡ್ನಿಗೆ ಭಾರ. ದೊಡ್ಡಾಸ್ಪತ್ರೆಗೆ ಬರೆದುಕೊಡ್ತೀನಿ, ಅಲ್ಲಿ ಬೇರೆ ಬೇರೆ ಪರೀಕ್ಷೆ ಆಗೋಕೆ ಎರಡು ಮೂರು ದಿನ ಹಿಡಿಯತ್ತೆ.’

ಎರಡು ಮೂರು ದಿನ! ಹಿಡಿಯುವ ಮಾತ್ರೆಯನ್ನು ನಿಲ್ಲಿಸಿ, ಆ ಕಣ್ಣನ್ನು ವೈರಸ್ಸಿಗೆ ಬಿಟ್ಟುಕೊಟ್ಟು, ಎರಡು ಮೂರು ದಿನ! ಡಾಕ್ಟರಮ್ಮ ಹೊಸ ಹಾಳೆಯ ಮೇಲೆ ಅಕ್ಕನ ವಯಸ್ಸು ಬರೆಯಲು ಶುರು ಮಾಡಿದ್ದರು. ಅಕ್ಕ ತುಟಿ ಬಿಗಿದು ಕೂತಿದ್ದಳು. ಆ ತುಟಿ ನನಗೆ ಗೊತ್ತು. ಚಿಕ್ಕಂದಿನಲ್ಲಿ ನನ್ನ ತಪ್ಪಿಗೆ ಅಪ್ಪನಿಂದ ಏಟು ತಿನ್ನುವಾಗ ಹೀಗೇ ಬಿಗಿಯುತ್ತಿದ್ದಳು.

ಜೇಬಿನಿಂದ ಲಕೋಟೆ ತೆಗೆದು ಮೇಜಿನ ಮೇಲಿಟ್ಟೆ. ‘ಐದಲ್ಲ ಡಾಕ್ಟ್ರೇ, ಮೂರು. ಕ್ಲಿನಿಕ್ಕಿನ ಡಾಕ್ಟ್ರು ಐದು ಅಂತಾನೇ ಬರೆದಿದ್ರು. ಮೂರು ಗೀಟು ಹಾಕಿದ್ದು ನಾನು. ನಮ್ಮಕ್ಕ ಸುಳ್ಳು ಹೇಳ್ತಿದಾಳೆ.’

‘ಏ, ಸುಮ್ನಿರೋ,’ ಎಂದಳು ಅಕ್ಕ.

ಡಾಕ್ಟರಮ್ಮ ಲಕೋಟೆ ನೋಡಿದರು, ನನ್ನನ್ನು ನೋಡಿದರು. ನಮ್ಮ ಸಾಹುಕಾರರನ್ನು ನಾನು ನೋಡುವ ಅದೇ ನೋಟ. ‘ನೀವು ಈ ಕೆಲಸ ಎಷ್ಟು ವರ್ಷದಿಂದ ಮಾಡ್ತಿದೀರಿ?’ ಎಂದರು. ನಾನು ಹೇಳಿದೆ. ಅವರು ಮುಖ ಸೊಟ್ಟ ಮಾಡಿ ಹಾಳೆಯನ್ನು ಹರಿದು ಬುಟ್ಟಿಗೆ ಹಾಕಿದರು.

‘ಮಾತ್ರೆ ಸೋತಿಲ್ಲ ಹಾಗಾದ್ರೆ. ಈಗಲೇ ಒಂದು ನುಂಗಲಿ. ಇವತ್ತಿಂದ ಐದು ಹೊತ್ತು, ಎದ್ದಿರೋವಾಗ ನಾಲ್ಕು ಗಂಟೆಗೊಂದು, ಇನ್ನೂ ಹತ್ತು ದಿನ. ಜೊತೆಗೆ ಹನಿ ಕೊಡ್ತೀನಿ. ದಿನಾ ಬಂದು ತೋರಿಸ್ಬೇಕು.’ ಆಮೇಲೆ ಅಕ್ಕನ ಕಡೆ ತಿರುಗಿ ದನಿ ತಗ್ಗಿಸಿದರು. ‘ಕಣ್ಣು ಪೂರ್ತಿ ಹೋಗಲ್ಲಮ್ಮ. ಆದ್ರೆ ಕಲೆ ಉಳಿಯತ್ತೆ. ಸೂಕ್ಷ್ಮ ಕೆಲಸಕ್ಕೆ ಈ ಕಣ್ಣು ಮೊದಲಿನ ಹಾಗೆ ಬರಲ್ಲ.’

ಅಕ್ಕ ತಲೆಯಾಡಿಸಿದಳು.

ಹೊರಗೆ ಬೆಂಚಿನ ಮೇಲೆ ಅವಳನ್ನು ಕೂರಿಸಿ, ಲೋಟದಲ್ಲಿ ನೀರು ತಂದು, ಮಾತ್ರೆ ನುಂಗಿಸಿದೆ. ಅವಳ ಮುಖ ನೋಡಲಾಗಲಿಲ್ಲ. ‘ನಿಂಗೆ ಯಾವಾಗ ಗೊತ್ತಾಯ್ತು?’ ಎಂದು ನೆಲ ನೋಡುತ್ತಾ ಕೇಳಿದೆ.

‘ಮೊಳೆಯಿಂದ ನೀನು ಲಕೋಟೆ ಕಿತ್ಕೊಂಡಿದ್ದು ಬಾಗಿಲಿಂದ ನೋಡ್ದೆ. ಎಡಗಣ್ಣು ಇನ್ನೂ ಕಾಣತ್ತೆ ಕಣೋ ನಂಗೆ. ಯಾಕೆ ಅಂತ ಗೊತ್ತಾಗ್ಲಿಲ್ಲ. ಐದು ಅಂತ ಡಾಕ್ಟ್ರಮ್ಮ ಅಂದಾಗ ನಿನ್ನ ಮೂತಿ ನೋಡಿ ಗೊತ್ತಾಯ್ತು.’

‘ಬಯ್ಯೇ ನನ್ನ.’

ಅವಳು ಕೈಚೀಲದ ಒಳಗೆ ಬಹಳ ಹೊತ್ತು ತಡಕಾಡಿ, ಬಟ್ಟೆಯ ಚೂರಿನಲ್ಲಿ ಕಟ್ಟಿದ ಒಂದು ಸಣ್ಣ ಗಂಟು ತೆಗೆದು ನನ್ನ ಅಂಗೈಯಲ್ಲಿಟ್ಟಳು. ಬಿಚ್ಚಿದೆ. ಹದಿನಾಲ್ಕು ಮಾತ್ರೆ.

‘ಮೊದಲನೇ ದಿನಾನೇ ಎಣಿಸಿದ್ದೆ. ದಿನಕ್ಕೆ ಮೂರು, ಏಳು ದಿನಕ್ಕೆ ಇಪ್ಪತ್ತೊಂದು. ಲಕೋಟೇಲಿ ಮೂವತ್ತೈದಿತ್ತು. ಫೋನ್ ಮಾಡಿ ಕೇಳೋಣ ಅಂದ್ಕೊಂಡೆ. ಆಮೇಲೆ, ಬೇಡ, ಆ ಸಾಹುಕಾರನ ಕಣ್ಣು ತಪ್ಪಿಸಿ ಅಕ್ಕ ಅಂತ ಕೊಸರು ಹಾಕಿದೀಯ, ಅವರ ಮುಂದೆ ಬಾಯಿ ಬಿಡಿಸಿದ್ರೆ ನಿನ್ನ ಕೆಲಸಕ್ಕೆ ಕುತ್ತು ಬಂದೀತು ಅಂತ ತೆಗೆದಿಟ್ಟೆ.’